ಗಿಟ್ಟಿನ್ಸ್ ಬೇಲಿಯೂ ಕ್ಲಿಫರ್ಡನ ‘ಸ್ವಲ್ಪ’ವೂ

ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ನಮ್ಮ ಶ್ರಾಪ್‌ಶೈರ್ ಜಿಲ್ಲೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ನಿಜ ಹೇಳಿ ಸಿಕ್ಕಿಬಿದ್ದವನು ಒಬ್ಬನೇ. ಅವನ ಹೆಸರು ಕ್ಲಿಫರ್ಡ್ ಪೆಪ್ಲೊ.

ಕ್ಲಿಫರ್ಡ್ ಮೂವತ್ತೊಂಬತ್ತು ವರ್ಷ ಬಸ್ ಕಂಪನಿಯ ಆಫೀಸಿನಲ್ಲಿ ಕೂತು ವೇಳಾಪಟ್ಟಿ ಬರೆದವನು. ಗಡಿಯಾರದ ಮುಳ್ಳನ್ನು ಬಿಟ್ಟರೆ ಬೇರೆ ಯಾವ ಮುಳ್ಳಿನ ಸಹವಾಸವೂ ಅವನಿಗೆ ಇರಲಿಲ್ಲ. ಅವನು ನಿವೃತ್ತನಾದ ಮೂರನೇ ವಾರ ಹೆಂಡತಿ ಡಾಫ್ನಿ ಅಡುಗೆಮನೆಗೆ ಬಂದು ನೋಡುತ್ತಾಳೆ, ಫ್ರಿಜ್ಜಿನ ಬಾಗಿಲ ಮೇಲೆ ಅಚ್ಚುಕಟ್ಟಾದ ಒಂದು ಹಾಳೆ: ‘ಚಹಾ 7.42. ಟೋಸ್ಟು 7.51. ಡಾಫ್ನಿ ಸ್ನಾನಕ್ಕೆ 8.05. ಭಾನುವಾರ ಮತ್ತು ರಜಾದಿನಗಳಂದು ಈ ಸೌಲಭ್ಯ ಇರುವುದಿಲ್ಲ.’

ಡಾಫ್ನಿ ಟೋಸ್ಟು ತಿಂದಳು. ಗಂಡನಿಗೆ ರಬ್ಬರ್ ಬೂಟು ಹಾಕಿಸಿ, ಕಾರಿನಲ್ಲಿ ಕೂರಿಸಿಕೊಂಡು, ಸೀದಾ ಮಾರ್ಲೋಪ್ ಹಾಲ್ ಎಸ್ಟೇಟಿನ ಗೇಟಿಗೆ ತಂದು ಇಳಿಸಿದಳು.

“ಇವರನ್ನ ಗುರುವಾರ ಗುರುವಾರ ಇಟ್ಕೊಳ್ಳಿ,” ಅಂದಳು ನಮ್ಮ ರೇಂಜರ್ ನೆರಿಸ್‌ಗೆ. “ಸಾಯಂಕಾಲ ನಾಲ್ಕಕ್ಕೆ ಬಂದು ಎತ್ಕೊಂಡು ಹೋಗ್ತೀನಿ. ಹಿಮ ಬಿದ್ರೂ ವಾಪಸ್ ಕಳಿಸ್ಬೇಡಿ.”

ನೆರಿಸ್ ವೇಲ್ಸ್ ಕಡೆಯವಳು. ಮಾತನ್ನೇ ಹಾಡಿನ ಹಾಗೆ ಎಳೆಯುತ್ತಾಳೆ. “ಏನು ಕೆಲಸ ಬರುತ್ತೆ ಇವರಿಗೆ, ಹೇಳೀ ಮತ್ತೇ?”

“ಏನೂ ಬರಲ್ಲ,” ಅಂದಳು ಡಾಫ್ನಿ.

ನಾವೆಲ್ಲ ಮೆಚ್ಚಿಕೊಂಡು ನಕ್ಕೆವು. ನಮ್ಮ ಅನಾಹುತ ಶುರುವಾದದ್ದು ಆ ನಗುವಿನಿಂದ.

ಮಾರ್ಲೋಪ್ ಹಾಲ್ ಪ್ರವಾಸಿಗಳು ನೋಡಲು ಬರುವ ಹಳೆಯ ದೊಡ್ಡಮನೆ, ಚಳಿಗಾಲದಲ್ಲಿ ಬಾಗಿಲು ಮುಚ್ಚುತ್ತದೆ. ಒಳಗೆ ಕೆಲವರು ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸಿ, ಯಾರೂ ಓದದ ಪುಸ್ತಕಗಳ ಧೂಳನ್ನು ಮೆತ್ತನೆ ಬ್ರಷ್ಷಿನಲ್ಲಿ ಒರೆಸುತ್ತಾರೆ. ಹೊರಗೆ ನಾವು, ಗುರುವಾರದ ತಂಡ. ಎಲ್ಲರೂ ನಿವೃತ್ತರು, ಎಲ್ಲರೂ ಸ್ವಯಂಸೇವಕರು, ಎಲ್ಲರಿಗೂ ಮಂಡಿನೋವು. ಕಾಡುಬಳ್ಳಿ ಕೀಳುತ್ತೇವೆ, ಬಿದ್ದ ಕೊಂಬೆ ಸುಡುತ್ತೇವೆ, ಚಹಾ ಕುಡಿಯುತ್ತೇವೆ. ನಿಯಮಾವಳಿಯಲ್ಲಿ ಚಹಾ ಕೊನೆಯ ಕಲಮು. ಆಚರಣೆಯಲ್ಲಿ ಮೊದಲನೆಯದು.

ಆ ವರ್ಷ ನಮ್ಮೆಲ್ಲರ ಎದೆಯ ಮೇಲೆ ಕೂತಿದ್ದ ಭಾರ ಒಂದೇ, ಗಿಟ್ಟಿನ್ಸ್ ಬೇಲಿ.

ನಮ್ಮ ಕಡೆ ಮುಳ್ಳುಗಿಡದ ಬೇಲಿಯನ್ನು ಚಳಿಗಾಲದಲ್ಲಿ ಮಲಗಿಸುತ್ತಾರೆ. ಮಲಗಿಸುವುದೆಂದರೆ ಜೋಗುಳ ಹಾಡುವುದಲ್ಲ. ಆಳೆತ್ತರ ಬೆಳೆದ ಕಾಂಡವನ್ನು ಬುಡದಲ್ಲಿ ಓರೆಯಾಗಿ ಮಚ್ಚಿನಿಂದ ಕಡಿಯುತ್ತ ಕಡಿಯುತ್ತ, ಕೊನೆಗೆ ನಾಲಿಗೆಯಷ್ಟು ತೆಳ್ಳಗಿನ ತೊಗಟೆ ಉಳಿಸಿ, ಏರಿನ ಕಡೆಗೆ ಮೆಲ್ಲಗೆ ಬಾಗಿಸಿ, ಗೂಟ ಹೊಡೆದು ನೇಯಬೇಕು. ಆ ನಾಲಿಗೆಯಲ್ಲಿ ಜೀವರಸ ಹರಿದು ವಸಂತಕ್ಕೆ ಚಿಗುರುತ್ತದೆ. ಒಂದು ಕೂದಲಿನಷ್ಟು ಹೆಚ್ಚು ಕಡಿದರೆ ಸೌದೆ. ಕಡಿಮೆ ಕಡಿದರೆ ಸೀಳಿಹೋಗುತ್ತದೆ.

ಪರ್ಸಿ ಗಿಟ್ಟಿನ್ಸ್ ಐವತ್ತು ಚಳಿಗಾಲ ಈ ಕೆಲಸ ಮಾಡಿದವನು. ಹಿಂದಿನ ಚಳಿಗಾಲದ ಜನವರಿಯಲ್ಲಿ ಕುರಿಹೊಲದ ಪಕ್ಕದ ಬೇಲಿಯನ್ನು ಅರವತ್ತು ಗಜ ಮಲಗಿಸಿ, ಮಚ್ಚನ್ನು ಒರೆಸಿ, ಮನೆಗೆ ಹೋಗಿ ಸೂಪು ಕುಡಿದು, ತಾನೂ ಮಲಗಿದ. ಏಳಲಿಲ್ಲ. ಉಳಿದ ನಲವತ್ತು ಗಜ ಹಾಗೇ ನಿಂತಿತ್ತು. ಎಸ್ಟೇಟನ್ನು ನೋಡಿಕೊಳ್ಳುವ ಟ್ರಸ್ಟಿನ ಕಚೇರಿಯಿಂದ ಕಾಗದ ಬಂತು: ಫೆಬ್ರವರಿ ಮುಗಿಯುವುದರೊಳಗೆ ಬೇಲಿ ಪೂರ್ತಿಯಾಗಬೇಕು. ಮಾರ್ಚಿನಿಂದ ಹಕ್ಕಿ ಗೂಡು ಕಟ್ಟುವುದರಿಂದ ಮಚ್ಚು ಮುಟ್ಟುವಂತಿಲ್ಲ. ಆಗದಿದ್ದರೆ ನೂರು ಗಜವನ್ನೂ ಯಂತ್ರದಿಂದ ಕಿತ್ತು ತಂತಿ ಬೇಲಿ ಹಾಕಲಾಗುವುದು. ನೆರಿಸ್ ಅಲ್ಲಿ ಇಲ್ಲಿ ಅಂಗಲಾಚಿ ಬ್ರೆಕನ್ ಊರಿನ ಆಚೆಯಿಂದ ಒಬ್ಬ ಕೆಲಸಗಾರನನ್ನು ಫೆಬ್ರವರಿಗೆ ಗೊತ್ತುಮಾಡಿದ್ದಳು. ನಾವು ನೆಮ್ಮದಿಯ ಉಸಿರು ಬಿಟ್ಟಿದ್ದೆವು.

ಪರ್ಸಿಯ ಹೆಂಡತಿ ಐವಿಗೆ ಎಪ್ಪತ್ತೆಂಟು. ಗಂಡ ಹೋದಮೇಲೂ ಪ್ರತಿ ಗುರುವಾರ ಬಂದು ಕಲ್ಲಿನ ಗುಡಿಸಲಿನಲ್ಲಿ ದೊಡ್ಡ ಕೆಟಲಿನಲ್ಲಿ ಚಹಾ ಮಾಡುತ್ತಿದ್ದಳು. ಬೇಲಿಯ ಸುದ್ದಿ ಎತ್ತುತ್ತಿರಲಿಲ್ಲ. ಕೂರುವುದು ಮಾತ್ರ ಬೇಲಿ ಕಾಣುವ ಕಿಟಕಿಯ ಪಕ್ಕ.

ಮೊದಲ ದಿನದ ಚಹಾದ ಹೊತ್ತಿಗೆ ನೆರಿಸ್ ಕೇಳಿದಳು. “ಬೇಲಿ ಮಲಗಿಸೋದು ಯಾರಿಗಾದ್ರೂ ಗೊತ್ತಾ, ಹೇಳೀ ಮತ್ತೇ? ಬ್ರೆಕನ್ನಿನವನಿಗೆ ಕೈಯಾಳು ಬೇಕು.”

ಡೆಸ್ಮಂಡ್ ಫ್ಯಾನ್‌ಶಾ ಎದ್ದು ನಿಂತ. ಡೆಸ್ಮಂಡ್ ಕಾರ್ಪೆಟ್ ಅಂಗಡಿಯಲ್ಲಿದ್ದವನು. ಬೇಲಿ ಕೆಲಸದ ಎರಡು ದಿನದ ತರಬೇತಿ ಮುಗಿಸಿ, ಹೆಲ್ಮೆಟ್ಟು, ಚರ್ಮದ ಗ್ಲೌಸು, ಮಂಡಿಕವಚ, ಕೊರಳಲ್ಲೊಂದು ಸೀಟಿ ಧರಿಸಿ ಬರುತ್ತಿದ್ದ. “ಬೇಲಿ ನನಗೆ ಕರತಲಾಮಲಕ,” ಎಂದ.

ನಾವು ಕಣ್ಣಿನಲ್ಲೇ ಮಾತಾಡಿಕೊಂಡೆವು: ಇವನ ಕೈಗೆ ಮಚ್ಚು ಕೊಡಕೂಡದು.

“ನಿಮಗೆ, ಕ್ಲಿಫರ್ಡ್?”

ಕ್ಲಿಫರ್ಡ್ ಸತ್ಯವಂತ. ಹನ್ನೊಂದನೇ ವಯಸ್ಸಿನಲ್ಲಿ ಶಾಲೆಯ ಶಿಬಿರದಲ್ಲಿ ಒಂದು ಮಚ್ಚು ಹಿಡಿದದ್ದು, ಅದು ಕೈಜಾರಿ ಮೇಷ್ಟರ ಬೂಟಿನ ಮೇಲೆ ಬಿದ್ದದ್ದು ಅವನಿಗೆ ನೆನಪಾಯಿತು. ಪೂರ್ತಿ ಇಲ್ಲವೆಂದರೆ ಸುಳ್ಳಾಗುತ್ತದಲ್ಲ.

“ಸ್ವಲ್ಪ,” ಎಂದ.

ಗುಡಿಸಲಿನಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು.

ನಮ್ಮ ಕಡೆಯ ‘ಸ್ವಲ್ಪ’ದ ಅಳತೆ ತಿಳಿಯದವರಿಗೆ ಒಂದು ಮಾತು. ಪರ್ಸಿ ಗಿಟ್ಟಿನ್ಸ್ ಜಿಲ್ಲೆಯ ಬೇಲಿ ಪಂದ್ಯದಲ್ಲಿ ಹನ್ನೊಂದು ಸಲ ಕಪ್ಪು ಗೆದ್ದವನು. ಯಾರಾದರೂ ಕೇಳಿದರೆ, “ಸ್ವಲ್ಪ ಕಡ್ದಿದೀನಿ” ಅನ್ನುತ್ತಿದ್ದ. ನಮ್ಮ ಡಾಕ್ಟರು ಅರಬ್ಬಿ, ಗ್ರೀಕು ಸೇರಿ ಆರು ಭಾಷೆ ಓದುತ್ತಾರೆ. “ಸ್ವಲ್ಪ ಬರುತ್ತೆ” ಅನ್ನುತ್ತಾರೆ. ಗೊತ್ತು ಅನ್ನುವವನಿಗೆ ಗೊತ್ತಿರುವುದಿಲ್ಲ, ಸ್ವಲ್ಪ ಅನ್ನುವವನಿಗೆ ಗೊತ್ತಿರದೇ ಇರುವುದಿಲ್ಲ. ಇದು ಇಲ್ಲಿ ಚರ್ಚಿನ ಪ್ರಾರ್ಥನೆಗಿಂತ ಗಟ್ಟಿಯಾದ ನಂಬಿಕೆ.

“ಸ್ವಲ್ಪ ಅಂದ್ರೆ... ಎಲ್ಲಿ ಕಲ್ತಿದ್ದು?” ಡೆಸ್ಮಂಡನ ದನಿ ಆಗಲೇ ಇಳಿದಿತ್ತು.

“ಅಯ್ಯೋ, ಕಲ್ತಿದ್ದೇನು ಬಂತು. ನನಗೇನೂ ಗೊತ್ತಿಲ್ಲ, ನಿಜವಾಗ್ಲೂ.”

ನೆರಿಸ್ ಎದೆಯ ಮೇಲೆ ಕೈಯಿಟ್ಟುಕೊಂಡಳು. ಏನೂ ಗೊತ್ತಿಲ್ಲ! ಪರ್ಸಿ ಕೂಡ ಅಷ್ಟು ದೂರ ಹೋದವನಲ್ಲ.

ಕೆಟಲಿನ ಹಿಂದಿನಿಂದ ಐವಿ, “ನಂಗೂ ಸ್ವಲ್ಪ ಬತ್ತದೆ ಮರಿ, ಬೇಲಿ ಕೆಲ್ಸ” ಅಂದಳು. ನಾನು, “ಓಹೋ ಐವಿ, ನಿಮ್ಮ ಚಹಾ ಇಲ್ದಿದ್ರೆ ಬೇಲೀನೂ ಇಲ್ಲ, ನಾವೂ ಇಲ್ಲ” ಎಂದು ಬಿಸ್ಕತ್ತು ತೆಗೆದುಕೊಂಡೆ. ಮಾತು ಮತ್ತೆ ಕ್ಲಿಫರ್ಡನ ಕಡೆ ಹೊರಳಿತು.

ಮುಂದಿನ ಗುರುವಾರ ಅವನನ್ನು ಬೇಲಿಯ ಮುಂದೆ ನಿಲ್ಲಿಸಿ ಕೈಗೆ ಪರ್ಸಿಯ ಮಚ್ಚು ಕೊಟ್ಟರು. ಕ್ಲಿಫರ್ಡ್ ಬೇಲಿ ನೋಡಿದ. ಬೇಲಿ ಕ್ಲಿಫರ್ಡನನ್ನು ನೋಡಿತು. ಇಬ್ಬರಿಗೂ ಏನೂ ತೋಚಲಿಲ್ಲ. ಒಂದು ಗಂಟೆ ನಿಂತ. ಎರಡು ಗಂಟೆ ನಿಂತ. ಹುಲ್ಲಿನ ಮೇಲೆ ಮಂಜು ಗರಿಗಟ್ಟಿತ್ತು, ಮೂಗಿನ ತುದಿಯಲ್ಲಿ ಹನಿ ತೂಗುತ್ತಿತ್ತು. ಅವನು ಅಲ್ಲಾಡಲಿಲ್ಲ. ಅಲ್ಲಾಡಿದರೆ ಕಡಿಯಬೇಕಾಗುತ್ತದೆಂಬ ಭಯ.

“ನೋಡಿದ್ರಾ?” ನೆರಿಸ್ ಪಿಸುಗುಟ್ಟಿದಳು. “ಬೇಲೀನ ಓದ್ತಾ ಇದಾರೆ. ಪರ್ಸೀನೂ ಹೀಗೇ ಅರ್ಧ ದಿನ ನೋಡ್ತಿದ್ರು, ಅಲ್ವಾ ಮತ್ತೇ.”

ಡೆಸ್ಮಂಡ್ ಮೆಲ್ಲಗೆ ಹೋಗಿ ಅವನ ಪಕ್ಕ ಅದೇ ಭಂಗಿಯಲ್ಲಿ ನಿಂತ. ಆಮೇಲೆ ನಾವೂ ಒಬ್ಬೊಬ್ಬರಾಗಿ ಹೋಗಿ ನಿಂತೆವು. ಆ ಗುರುವಾರ ಮಾರ್ಲೋಪ್ ಹಾಲಿನಲ್ಲಿ ಹನ್ನೆರಡು ಜನ ಸ್ವಯಂಸೇವಕರು ಐದು ಗಂಟೆ ಕಾಲ ಒಂದು ಪೊದೆಯನ್ನು ದಿಟ್ಟಿಸಿದರು. ಬಹಳ ಕಲಿತ ಹಾಗೆ ಅನ್ನಿಸಿತು. ಮಚ್ಚು ಎತ್ತದೆಯೇ ಇಷ್ಟು ಮೆಚ್ಚುಗೆ ಗಳಿಸಿದವನು ಜಿಲ್ಲೆಯ ಚರಿತ್ರೆಯಲ್ಲಿ ಇನ್ನೊಬ್ಬನಿಲ್ಲ.

ಸುದ್ದಿ ಊರಿಗೆ ಹೋಯಿತು. ಅಂಚೆ ಅಂಗಡಿಯ ಸಾಲಿನಲ್ಲಿ ನಿಂತ ಡಾಫ್ನಿಯನ್ನು ನಾಲ್ಕು ಜನ ಸುತ್ತುವರಿದರು.

“ನಿಮ್ಮ ಯಜಮಾನರು ಇಷ್ಟು ದಿನ ಬಚ್ಚಿಟ್ಕೊಂಡಿದ್ರಲ್ಲ!”

“ಯಾರು, ಕ್ಲಿಫರ್ಡಾ? ಪರದೆಯ ಕೋಲು ಹಾಕಕ್ಕೆ ಮೂರು ದಿನ ತಗೊಂಡ್ರು. ನಾಲ್ಕನೇ ದಿನ ಪರದೆ, ಕೋಲು, ಗೋಡೆ ಮೂರೂ ಒಟ್ಟಿಗೆ ಬಂತು.”

ನಾಲ್ವರೂ ಮುಖ ಮುಖ ನೋಡಿಕೊಂಡರು. ಹೆಂಡತಿಯೂ ಅಷ್ಟೇ ವಿನಯವಂತೆ!

“ನಾನು ಹೇಳ್ತಿರೋದು ನಿಜ ಕಣ್ರೀ! ಅವರಿಗೆ ಬ್ರೆಡ್ ಕೊಯ್ಯಕ್ಕೂ ಬರಲ್ಲ!”

“ಎಂಥಾ ಜೋಡಿ,” ಎಂದು ಅಂಗಡಿಯಾಕೆ ಕಣ್ಣೊರೆಸಿಕೊಂಡಳು.

ಇಲ್ಲಿಗೆ ನಿಂತಿದ್ದರೆ ಇದು ಒಂದು ಮೋಜು ಅಷ್ಟೇ ಆಗುತ್ತಿತ್ತು. ಜನವರಿಯ ಎರಡನೇ ವಾರ ಟ್ರಸ್ಟಿನ ಕಚೇರಿಯಿಂದ ಮಿಸ್ಟರ್ ಓಲ್ಡೇಕರ್ ಬಂದರು. ಓಲ್ಡೇಕರ್ ಮಾತಾಡುವುದಿಲ್ಲ, ಸುತ್ತೋಲೆ ಹೊರಡಿಸುತ್ತಾರೆ.

“ಸದರಿ ತಂಡದಲ್ಲಿ ಅಸಾಧಾರಣ ಪರಿಣತರೊಬ್ಬರು ಲಭ್ಯವಿರುವುದು ಈ ಕಚೇರಿಯ ಗಮನಕ್ಕೆ ಬಂದಿದೆ. ಆದ ಕಾರಣ ಬ್ರೆಕನ್ನಿನ ವ್ಯಕ್ತಿಯನ್ನು ರದ್ದುಪಡಿಸಲಾಗಿದೆ.”

“ರದ್ದಾ?” ನೆರಿಸ್‌ಳ ಹಾಡು ಅರ್ಧಕ್ಕೇ ನಿಂತಿತು.

“ರದ್ದು. ಸದರಿ ಬೇಲಿಯನ್ನು ಶ್ರೀಯುತ ಪೆಪ್ಲೊ ಅವರು ಫೆಬ್ರವರಿ ಇಪ್ಪತ್ತಾರರ ಗುರುವಾರದೊಳಗೆ ಪೂರೈಸತಕ್ಕದ್ದು. ತಪ್ಪಿದಲ್ಲಿ ಮಾರ್ಚ್ ಎರಡಕ್ಕೆ ಯಂತ್ರ ಬರತಕ್ಕದ್ದು.”

ಕ್ಲಿಫರ್ಡನ ಮುಖ ಮಾರ್ಲೋಪ್ ಹಾಲಿನ ಕುರ್ಚಿಗೆ ಹೊದಿಸಿದ ಬಟ್ಟೆಯ ಬಣ್ಣಕ್ಕೆ ತಿರುಗಿತು. “ಸಾರ್, ನನಗೆ ಬರಲ್ಲ ಸಾರ್.”

ಓಲ್ಡೇಕರ್ ಅವನ ಭುಜ ತಟ್ಟಿದರು. “ನಿಮ್ಮ ಬಗ್ಗೆ ಕೇಳಿದ್ದೆಲ್ಲವೂ ಸರಿಯಾಗಿಯೇ ಇದೆ ಎಂದು ದೃಢಪಟ್ಟಿತು.”

ಮನೆಗೆ ಹೋಗಿ ಕ್ಲಿಫರ್ಡ್ ಕಾಗದ ಬರೆದ. ಬಸ್ಸಿನ ವೇಳಾಪಟ್ಟಿಯಷ್ಟೇ ಕರಾರುವಾಕ್ಕಾದ ತಪ್ಪೊಪ್ಪಿಗೆ: ಒಂದು, ನಾನು ಜೀವನದಲ್ಲಿ ಒಂದೇ ಸಲ ಮಚ್ಚು ಹಿಡಿದಿದ್ದೇನೆ. ಎರಡು, ಅದು ನಾಲ್ಕು ಸೆಕೆಂಡು. ಮೂರು, ಅನಂತರ ಮೇಷ್ಟರು ಕುಂಟಿದರು. ಓಲ್ಡೇಕರ್ ಅದನ್ನು ಓದಿ, ಚೌಕಟ್ಟು ಹಾಕಿಸಿ, ‘ಸ್ವಯಂಸೇವಕರು ಅನುಸರಿಸಬೇಕಾದ ಮೇಲ್ಪಂಕ್ತಿ’ ಎಂಬ ತಲೆಬರಹದೊಂದಿಗೆ ಕಚೇರಿಯ ಗೋಡೆಗೆ ತೂಗುಹಾಕಿದರಂತೆ.

ಮುಂದಿನ ಗುರುವಾರ ಚಹಾ ಮುಗಿದು ನಾವೆಲ್ಲ ಹೊರಗೆ ಹೋದೆವು. ಕ್ಲಿಫರ್ಡ್ ಬೆಂಚಿನ ಮೇಲೇ ಕೂತಿದ್ದ. ಆಮೇಲೆ ನಡೆದದ್ದನ್ನು ಅವನೇ ನನಗೆ ಹೇಳಿದ್ದು. ಅವನು ಹೇಳಿದ್ದೆಲ್ಲ ನಿಜವೆಂದು ಈಗ ನಾನು ಬಲ್ಲೆ.

ಐವಿ ಕಪ್ಪು ತೊಳೆಯುತ್ತ ಬೆನ್ನು ತಿರುಗಿಸದೆ ಕೇಳಿದಳು: “ನಿಂಗೆ ಬರಾಕಿಲ್ಲ ಅಲ್ವಾ ಮರಿ?”

ಕ್ಲಿಫರ್ಡ್ ಥಟ್ಟನೆ ತಲೆಯೆತ್ತಿದ. ಮೂರು ತಿಂಗಳಲ್ಲಿ ಅವನ ಮಾತನ್ನು ನಂಬಿದವರು ಇವರೊಬ್ಬರೇ. ಅಳುವೇ ಬಂತಂತೆ. “ಇಲ್ಲ, ಮಿಸೆಸ್ ಗಿಟ್ಟಿನ್ಸ್. ಹೇಗೆ ಗೊತ್ತಾಯ್ತು?”

“ಮಚ್ಚನ್ನ ಹಸುಗೂಸಿನ ಥರ ಎತ್ಕೊಂಡಿದ್ದೆ. ಕತ್ತು ಹಿಡ್ದು, ಬಿದ್ಬಿಟ್ಟೀಯ ಅಂತ ಅದುಕ್ಕೆ ಹೇಳ್ತಿದ್ದಂಗಿತ್ತು. ಪರ್ಸಿ ನೋಡಿದ್ರೆ ಬಿದ್ದು ಬಿದ್ದು ನಗ್ತಿದ್ದ.”

“ನಾನೇನು ಮಾಡ್ಲಿ? ಆ ಬೇಲಿ ಹೋಗತ್ತೆ. ನನ್ನಿಂದ ಹೋಗತ್ತೆ.”

ಐವಿ ಒದ್ದೆ ಕೈ ಒರೆಸಿಕೊಂಡಳು. ಬೆರಳುಗಳು ಗಂಟುಗಂಟಾಗಿ, ಹಳೆಯ ಮುಳ್ಳುಗಿಡದ ಬೇರಿನ ಹಾಗಿದ್ದವು. “ಕೊನೇ ಮೂರು ವರ್ಸ ಅವ್ನಿಗೆ ಕಣ್ಣು ಕಾಣ್ತಿರ್ಲಿಲ್ಲ. ಯಾರಿಗೂ ಹೇಳ್ಬ್ಯಾಡ ಅಂದಿದ್ದ. ಎಲ್ಲಿ ಕಡೀಬೇಕು, ಎಷ್ಟು ಕಡೀಬೇಕು, ನಾನು ಪಕ್ಕದಲ್ಲಿ ನಿಂತು ಹೇಳ್ತಿದ್ದೆ, ಅವ್ನು ಕಡೀತಿದ್ದ. ಅದಕ್ಕೂ ಮುಂಚೆ ನಲವತ್ತು ವರ್ಸ ಒಂದು ಕಡೆ ಅವ್ನು, ಒಂದು ಕಡೆ ನಾನು. ಹೊಲದ ಆ ಕೊನೆಯಿಂದ ನಾನು ಬರೋದು, ಈ ಕೊನೆಯಿಂದ ಅವ್ನು. ಮಧ್ಯ ಸೇರೋ ಹೊತ್ಗೆ ಚಾ.”

“ಮತ್ತೆ ಯಾಕೆ ಹೇಳ್ಲಿಲ್ಲ ನೀವು?”

“ಹೇಳಿದ್ನಲ್ಲ. ಮೊದ್ಲ ದಿನಾನೇ ಹೇಳ್ದೆ.” ಐವಿ ಕೆಟಲಿನ ಮುಚ್ಚಳ ಹಾಕಿದಳು. “ಎರಡು ಸಲ ಹೇಳಿದ್ರೆ ಜಂಬ ಆಯ್ತದೆ.”

ಮಾರನೆಯ ದಿನದಿಂದ ಹೊಸ ವೇಳಾಪಟ್ಟಿ. ಕ್ಲಿಫರ್ಡ್ ಅವರು ಏಕಾಂತದಲ್ಲಿ ಕೆಲಸ ಮಾಡಬೇಕಂತೆ, ಯಾರೂ ಹತ್ತಿರ ಸುಳಿಯಬಾರದಂತೆ ಎಂದು ನೆರಿಸ್ ಎಲ್ಲರಿಗೂ ಹೇಳಿದಳು. ಮಹಾನುಭಾವರ ಲಕ್ಷಣವೇ ಅದು ಎಂದು ನಾವು ತಲೆದೂಗಿದೆವು. ಜೊತೆಗೆ ಐವಿ ಫ್ಲಾಸ್ಕು ಹಿಡಿದು ಹೋಗುತ್ತಾಳಲ್ಲ, ಪಾಪ, ಮುದುಕಿ, ಅವನಿಗೆ ಚಹಾ ಕೊಡುವುದಕ್ಕೆ.

ಮಡಚುವ ಕುರ್ಚಿಯಲ್ಲಿ, ಕಂಬಳಿ ಹೊದ್ದು, ಗಂಡನ ಟೊಪ್ಪಿಗೆ ಕಿವಿಯವರೆಗೆ ಎಳೆದುಕೊಂಡು ಐವಿ ಕೂರುತ್ತಿದ್ದಳು.

“ಕಡಿ.”

ಕ್ಲಿಫರ್ಡ್ ಕಣ್ಣು ಮುಚ್ಚಿ ಕಡಿದ. ಕಾಂಡ ಎರಡು ತುಂಡಾಗಿ, ಒಂದು ತುಂಡು ಅವನ ಟೊಪ್ಪಿ ಕಿತ್ತುಕೊಂಡು ಹಳ್ಳಕ್ಕೆ ಹೋಯಿತು.

“ಅದು ಸತ್ತೋಯ್ತು,” ಎಂದಳು ಐವಿ. “ಪರ್ಸಿ ನೆಟ್ಟಿದ್ದದು. ಕಣ್ಣು ಬುಟ್ಕೊಂಡು ಕಡೀತಾರೆ ಮರಿ. ಮುಂದಿಂದು.”

“ಕ್ಷಮಿಸಿ ಮಿಸೆಸ್ ಗಿಟ್ಟಿನ್ಸ್, ನನ್ನಿಂದ...”

“ಬಾಯಿ ಮುಚ್ಕೊಂಡು ಮುಂದಿಂದು. ನೀನು ಆಪೀಸಲ್ಲಿ ಏನು ಮಾಡ್ತಿದ್ದೆ?”

“ಗೆರೆ ಎಳೀತಿದ್ದೆ. ವೇಳಾಪಟ್ಟಿಗೆ.”

“ಹಂಗಾದ್ರೆ ಗೆರೇನೇ ಎಳಿ. ಇಲ್ಲಿಂದ ಅಲ್ಲಿಗೆ, ಓರೆಯಾಗಿ. ಕೊನೇಲಿ ಒಂದು ನೂಲು ಉಳ್ಸು.”

ಅದು ಅವನಿಗೆ ಅರ್ಥವಾಯಿತು. ಮೂವತ್ತೊಂಬತ್ತು ವರ್ಷ ಗೆರೆ ಎಳೆದ ಕೈ. ಎರಡನೆಯ ಕಾಂಡ ಸೀಳಿತು, ಮೂರನೆಯದು ಬಾಗಿತು. ನಾಲ್ಕನೆಯದನ್ನು ಬಾಗಿಸಿದಾಗ ಐವಿ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಬಗ್ಗಿಸಿ ಮುಂದೆ ಚಾಚಿದಳು. ಜಿಲ್ಲೆಯ ಕಪ್ಪಿಗಿಂತ ಆ ಕಪ್ಪು ದೊಡ್ಡದಾಗಿ ಕಂಡಿತಂತೆ ಅವನಿಗೆ.

ಆರು ವಾರ. ಮಳೆ, ಆಲಿಕಲ್ಲು, ಒಂದು ಸಲ ಮೊಣಕಾಲುದ್ದ ಹಿಮ. ಡಾಫ್ನಿಗೆ ಗಂಡ ದಿನಾ ಮೈಯೆಲ್ಲ ತರಚಿಕೊಂಡು ಬಂದು ಊಟದ ಮೇಜಿನ ಮೇಲೇ ನಿದ್ದೆ ಹೋಗುವುದು ಕಂಡು ಗಾಬರಿ. ಫ್ರಿಜ್ಜಿನ ಮೇಲಿನ ಹಾಳೆಯನ್ನು ಅವನು ಮರೆತೇಬಿಟ್ಟಿದ್ದ. ಅವಳೇ ಅದನ್ನು ತೆಗೆದು, ಮತ್ತೆ ಯಾಕೋ ಮನಸ್ಸಾಗದೆ ವಾಪಸ್ಸು ಅಂಟಿಸಿದಳು.

ಫೆಬ್ರವರಿ ಇಪ್ಪತ್ತಾರು. ಬಿಸಿಲಿತ್ತು, ಬಿಸಿ ಇರಲಿಲ್ಲ. ಓಲ್ಡೇಕರ್ ಒಬ್ಬ ಫೋಟೋಗ್ರಾಫರನ್ನೂ ಬೇಲಿ ಪಂದ್ಯದ ತೀರ್ಪುಗಾರ ಜೆತ್ರೊ ಬೆಬ್‌ನನ್ನೂ ಕರೆತಂದಿದ್ದರು. ಬೆಬ್‌ಗೆ ಎಂಬತ್ತೆರಡು. ವರ್ಷಕ್ಕೆ ಇಪ್ಪತ್ತು ಮಾತು ಆಡುತ್ತಾನೆಂದು ಪ್ರತೀತಿ, ಅದರಲ್ಲಿ ಹತ್ತು ನಾಯಿಗೆ.

ಬೆಬ್ ಬೇಲಿಯ ಉದ್ದಕ್ಕೂ ನಡೆದ. ಒಳಗೆ ಕೈಹಾಕಿ ಜಗ್ಗಿದ. ಕಷ್ಟಪಟ್ಟು ಮಂಡಿಯೂರಿ ಬುಡ ನೋಡಿದ. ಪರ್ಸಿಯ ಅರವತ್ತು ಗಜ ಮುಗಿದು ಹೊಸ ನಲವತ್ತು ಶುರುವಾಗುವ ಜಾಗ ಹುಡುಕುತ್ತ ಆರು ಹೆಜ್ಜೆ ಮುಂದೆ ಹೋದ, ವಾಪಸ್ಸು ಬಂದ, ಮತ್ತೆ ಹೋದ. ಸಿಗಲಿಲ್ಲ.

“ಪರವಾಗಿಲ್ಲ,” ಎಂದ.

ನೆರಿಸ್ ಹುಲ್ಲಿನ ಮೇಲೆ ಕುಸಿದು ಕೂತಳು. ಹನ್ನೊಂದು ಕಪ್ಪು ಗೆದ್ದ ಪರ್ಸಿಗೆ ಬೆಬ್‌ನಿಂದ ‘ಪರವಾಗಿಲ್ಲ’ ಸಿಕ್ಕಿದ್ದು ಎರಡೇ ಸಲ.

ಓಲ್ಡೇಕರ್ ಗಂಟಲು ಸರಿಮಾಡಿಕೊಂಡು, ಕಪ್ಪು ಒರೆಸುವ ಬಟ್ಟೆ ಮುಚ್ಚಿದ್ದ ಒಂದು ಮರದ ಹಲಗೆ ಎತ್ತಿದರು. “ಸದರಿ ಬೇಲಿಯು ಇನ್ನು ಮುಂದೆ ಈ ಕೆಳಕಂಡ ಹೆಸರಿನಿಂದ ಗುರುತಿಸಲ್ಪಡತಕ್ಕದ್ದು.” ಬಟ್ಟೆ ಸರಿಸಿದರು. ಕೆತ್ತಿದ ಅಕ್ಷರ: ಪೆಪ್ಲೊ ಬೇಲಿ.

ಗುಡಿಸಲಿನ ಬಾಗಿಲಲ್ಲಿ ಕಪ್ಪುಗಳಿಗೆ ಚಹಾ ಬಗ್ಗಿಸುತ್ತಿದ್ದ ಐವಿಯ ಕೈ ನಿಂತಿತು. ಆಮೇಲೆ ಮತ್ತೆ ಬಗ್ಗಿಸತೊಡಗಿದಳು. ನಿಂತಿದ್ದನ್ನು ನೋಡಿದವನು ಕ್ಲಿಫರ್ಡ್ ಒಬ್ಬನೇ.

“ಇದು ತಪ್ಪು!” ಎಂದ ಕ್ಲಿಫರ್ಡ್. “ನನಗೆ ಏನೂ ಬರಲ್ಲ. ಪ್ರತಿಯೊಂದು ಏಟೂ ಮಿಸೆಸ್ ಗಿಟ್ಟಿನ್ಸ್ ಹೇಳಿದ್ದು. ನಾನು ಬರೀ ಕೈ.”

“ಆಹಾ!” ಎಂದಿತು ನಮ್ಮ ತಂಡ. ಚಹಾ ಕೊಟ್ಟ ಮುದುಕಿಗೆ ಎಲ್ಲ ಕೀರ್ತಿ ಬಿಟ್ಟುಕೊಡುತ್ತಾನಲ್ಲ! ಡೆಸ್ಮಂಡ್ ಕರ್ಚೀಫು ತೆಗೆದ. ಫೋಟೋಗ್ರಾಫರ್ ಅವನ ಕಣ್ಣೀರನ್ನೂ ಒಂದು ಫೋಟೋ ಹಿಡಿದ.

“ನಿಜ ಹೇಳ್ತಿದೀನಿ! ನನ್ನಂಥ ದಡ್ಡ ಈ ಜಿಲ್ಲೇಲೇ ಇಲ್ಲ!”

“ಆಹಾ, ಆಹಾ!”

ಕ್ಲಿಫರ್ಡನ ಮುಖದಲ್ಲಿ, ತಪ್ಪಿಹೋದ ಬಸ್ಸಿಗೆ ಹೊಸ ದಾರಿ ಹುಡುಕುವ ಗುಮಾಸ್ತನ ಕಳೆ ಬಂತು. ನೆಟ್ಟಗೆ ಹೋಗಿ ಒಂದು ಮರದ ದಿಮ್ಮಿ ಹತ್ತಿ ನಿಂತ. ಸೊಂಟದ ಮೇಲೆ ಕೈಯಿಟ್ಟ. ಉಸಿರು ಎಳೆದುಕೊಂಡ.

“ಸರಿ, ಕೇಳಿ! ನಾನು ಮಹಾ ನಿಪುಣ!”

‘ಆಹಾ’ ನಿಂತಿತು.

“ಸ್ವಲ್ಪ ಅಲ್ಲ, ಪೂರ್ತಿ ಬಲ್ಲೆ! ಈ ದೇಶದಲ್ಲೇ ನನ್ನಂಥ ಬೇಲಿಗಾರ ಹುಟ್ಟಿಲ್ಲ. ಈ ಬೇಲಿ ಅದ್ಭುತವಾಗಿದೆ, ಅದನ್ನ ಮಾಡಿದ್ದು ನಾನು, ನಾನೊಬ್ಬನೇ. ಬೆಬ್ ಅವರು ಬೇಕಾದ್ರೆ ನನ್ನ ಹತ್ರ ಪಾಠಕ್ಕೆ ಬರಲಿ. ಬರುವಾಗ ಸ್ಲೇಟು ತರಲಿ!”

ಎಲ್ಲೋ ಒಂದು ಕುರಿ ಕೆಮ್ಮಿತು. ನೆರಿಸ್ ತನ್ನ ಬೂಟು ನೋಡಿಕೊಂಡಳು. ಓಲ್ಡೇಕರ್ ಹಲಗೆಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ಗಂಡನನ್ನು ಕರೆದೊಯ್ಯಲು ಬಂದು ಕಾರಿನ ಕಿಟಕಿ ಇಳಿಸಿದ್ದ ಡಾಫ್ನಿ, ಮೊದಲ ಸಲ ಜನರೆದುರು ನಾಚಿ ಕಿಟಕಿ ಏರಿಸಿದಳು. ಡೆಸ್ಮಂಡ್ ಕರ್ಚೀಫು ಜೇಬಿಗೆ ತುರುಕುತ್ತ, “ಜಂಬದವರನ್ನ ಕಂಡ್ರೆ ನನಗೆ ಮೊದಲಿಂದ್ಲೂ ಆಗಲ್ಲ,” ಎಂದ. ಇಡೀ ತಂಡಕ್ಕೆ ಒಂದೇ ಕ್ಷಣದಲ್ಲಿ ಬೆಳಕು ಹರಿಯಿತು: ಅಯ್ಯೋ, ಈ ಮನುಷ್ಯನಿಗೆ ಬೇಲಿಯ ಗಂಧಗಾಳಿಯೂ ಗೊತ್ತಿಲ್ಲ!

“ಇವ್ನಿಗೆ ಬರಲ್ಲ,” ಎಂದ ಬೆಬ್.

“ಹಾಗಾದರೆ ಸದರಿ ಕಾರ್ಯವನ್ನು ನಿರ್ವಹಿಸಿದ್ದು...” ಓಲ್ಡೇಕರ್ ಅವರ ಸುತ್ತೋಲೆಗೆ ಮುಂದಿನ ಪದ ಸಿಗಲಿಲ್ಲ.

ಬೆಬ್ ಬೇಲಿಯ ಬುಡವನ್ನು ಮತ್ತೊಮ್ಮೆ ನೋಡಿದ. ಪರ್ಸಿಯ ಅರವತ್ತು ಗಜದ ಬುಡಗಳನ್ನು ನೋಡಿದ. ಕೋಲೂರಿಕೊಂಡು ನಿಧಾನವಾಗಿ ಗುಡಿಸಲಿನ ಬಾಗಿಲಿಗೆ ಹೋಗಿ ನಿಂತ. ಐವಿ ಅವನಿಗೊಂದು ಕಪ್ಪು ಕೊಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಮಿಸೆಸ್ ಗಿಟ್ಟಿನ್ಸ್, ಬೇಲಿ ಕೆಲಸ ಬರುತ್ತಾ?”

ಐವಿ ಹಾಲಿನ ಜಗ್ಗು ಕೆಳಗಿಟ್ಟಳು. ಕುರಿಹೊಲದ ಕಡೆ ನೋಡಿದಳು.

“ಸ್ವಲ್ಪ,” ಎಂದಳು.

ಬೆಬ್ ಕಪ್ಪನ್ನು ಕಟ್ಟೆಯ ಮೇಲಿಟ್ಟು ಟೊಪ್ಪಿ ತೆಗೆದ. ಆ ಬೋಳುತಲೆಯನ್ನು ಚರ್ಚಿನ ಹೊರಗೆ ನಾವು ಯಾರೂ ನೋಡಿರಲಿಲ್ಲ. ಅವನ ಹಿಂದೆ ನೆರಿಸ್ ತೆಗೆದಳು, ಓಲ್ಡೇಕರ್ ತೆಗೆದರು. ಡೆಸ್ಮಂಡನ ಹೆಲ್ಮೆಟ್ಟಿನ ಪಟ್ಟಿ ಸಿಕ್ಕಿಹಾಕಿಕೊಂಡು ಅವನು ಒದ್ದಾಡುತ್ತಿದ್ದ. ನನ್ನ ಕೈಯಲ್ಲಿ ಒಂದು ಬಿಸ್ಕತ್ತಿತ್ತು. ಅದನ್ನು ತಿನ್ನುವುದಕ್ಕೂ ಆಗಲಿಲ್ಲ, ಇಡುವುದಕ್ಕೂ ಆಗಲಿಲ್ಲ.

ಹಲಗೆಯನ್ನು ತಿರುಗಿಸಿ, ಹಿಂಬದಿಗೆ ಬಣ್ಣದಲ್ಲಿ ಬರೆದದ್ದು ಕ್ಲಿಫರ್ಡನೇ. ವೇಳಾಪಟ್ಟಿಯ ದುಂಡಗಿನ ಅಕ್ಷರ: ‘ಗಿಟ್ಟಿನ್ಸ್ ಬೇಲಿ. ಪರ್ಸಿ, ಐವಿ.’ ಊರು ಮಾತ್ರ ಅವನನ್ನು ಇನ್ನೂ ಕ್ಷಮಿಸಿಲ್ಲ. ಕೆಲಸ ಬಾರದಿದ್ದುದಕ್ಕೆ ಯಾರ ದೂರೂ ಇಲ್ಲ. ಅದ್ಭುತ ಅಂದನಲ್ಲ, ಅದೂ ದಿಮ್ಮಿ ಹತ್ತಿ! ಅಂಚೆ ಅಂಗಡಿಯಾಕೆ ಈಗಲೂ ಅವನಿಗೆ ಮಾತಿಲ್ಲದೆ ಸ್ಟಾಂಪು ಕೊಡುತ್ತಾಳೆ. ಡಾಫ್ನಿ ಮಾತ್ರ ಫ್ರಿಜ್ಜಿನ ಹಾಳೆಯ ಕೆಳಗೆ ತಾನೇ ಒಂದು ಸಾಲು ಸೇರಿಸಿದ್ದಾಳಂತೆ: ‘ಗುರುವಾರ, ಕ್ಲಿಫರ್ಡ್‌ಗೆ ಕೇಕು 4.10.’

ಏಪ್ರಿಲಿನಲ್ಲಿ ಬೇಲಿ ಚಿಗುರಿತು. ಮಲಗಿದ ಪ್ರತಿ ಕಾಂಡದ ಮೈಮೇಲೂ ಹಸಿರು ಗುಂಡುಸೂಜಿ ಚುಚ್ಚಿದ ಹಾಗೆ, ನೂರು ಗಜವೂ. ಕ್ಲಿಫರ್ಡನ ಮೊದಲ ಏಟು ಬಿದ್ದಿದ್ದ ಮೂರು ಅಡಿ ಅಗಲದ ಒಂದು ಜಾಗ ಬಿಟ್ಟು. ಅಲ್ಲಿ ಐವಿ ಒಂದು ಬೆರಳು ದಪ್ಪದ ಎಳೆ ಮುಳ್ಳುಗಿಡ ನೆಟ್ಟು ಕೋಲು ಕಟ್ಟಿದ್ದಾಳೆ.

ಮೇ ತಿಂಗಳಲ್ಲಿ ಮನೆ ನೋಡಲು ಬಂದ ಪ್ರವಾಸಿ ಹೆಂಗಸೊಬ್ಬಳು ಅಲ್ಲಿ ನಿಂತು ಸುತ್ತ ನೋಡಿ ಕೇಳಿದಳು: “ಇಷ್ಟು ಚೆನ್ನಾಗಿರೋ ಬೇಲೀನ ಇಲ್ಲಿ ಯಾರು ಹೀಗೆ ಕೆಡಿಸಿದ್ದು?”

ಚಹಾದ ಟ್ರೇ ಹಿಡಿದು ಹೋಗುತ್ತಿದ್ದ ಕ್ಲಿಫರ್ಡ್ ನಿಂತ. “ನಾನು,” ಎಂದ. “ಅದೊಂದು ಪೂರ್ತಿ ನನ್ನದೇ.”

ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿ, “ಹೌದು, ಗೊತ್ತಾಗುತ್ತೆ,” ಎಂದಳು.

ಕ್ಲಿಫರ್ಡನ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. ಟ್ರೇಯಲ್ಲಿದ್ದ ಕೇಕಿನ ದೊಡ್ಡ ತುಂಡನ್ನೇ ಅವಳಿಗೆ ಎತ್ತಿ ಕೊಟ್ಟ.